ಕೂಡಿ ಹೆದರುವ ಸುಖ

ಸಾಂಗ್ಲಿಯ ಹತ್ತಿರದ ಹರಿಪುರದಲ್ಲಿ ಹಳೆಯ ನಾಟಕವನ್ನು ಮತ್ತೆ ಆಡುತ್ತಾರೆಂದರೆ ‘ಕಥೆ ಗೊತ್ತಿದ್ದದ್ದೇ, ಮತ್ತೇಕೆ?’ ಎಂದು ಯಾರೂ ಕೇಳುವುದಿಲ್ಲ. ಇದು ಮರಾಠಿ ನಾಟಕಕಾರ ಗೋವಿಂದ ಬಲ್ಲಾಳ ದೇವಲರು 1855ರಲ್ಲಿ ಹುಟ್ಟಿದ ಊರು. ಬೆಳಗಾವಿಯಲ್ಲಿ ಓದುವಾಗ ಅಣ್ಣಾಸಾಹೇಬ ಕಿರ್ಲೋಸ್ಕರರ ಶಿಷ್ಯರಾದ ದೇವಲರು 1899ರಲ್ಲಿ ಕೊಟ್ಟ ‘ಸಂಗೀತ ಶಾರದಾ’ ಇಂದಿಗೂ ರಂಗದ ಮೇಲಿದೆ. ಮುದುಕನಿಗೆ ಕಟ್ಟಲು ಹೊರಟ ಆ ಹುಡುಗಿಯ ಗತಿ ಏನಾಗುತ್ತದೆಂದು ನೋಡುವವರಿಗೆಲ್ಲ ಗೊತ್ತು. ಆದರೂ ಎದೆ ಹಿಡಿದುಕೊಂಡೇ ಕೂರುತ್ತಾರೆ. ನಾಟಕಕ್ಕೆ ನಾವು ಕೊಟ್ಟಿರುವ ಈ ಹಕ್ಕನ್ನು ಸಿನಿಮಾಕ್ಕೆ ಏಕೆ ಕೊಡಬಾರದು?

ಈ ಪ್ರಶ್ನೆ ನನ್ನ ತಲೆಗೆ ಬಂದದ್ದು ‘ಏಲಿಯನ್’ ಮರಳಿ ತೆರೆಗೆ ಬಂದಾಗ. ರಿಡ್ಲಿ ಸ್ಕಾಟ್ 1979ರಲ್ಲಿ ಮಾಡಿದ ಚಿತ್ರ; 45 ವರ್ಷ ತುಂಬಿತೆಂದು 2024ರ ಏಪ್ರಿಲ್ 26ರಂದು ಅಮೆರಿಕದ ಚಿತ್ರಮಂದಿರಗಳಲ್ಲಿ ಅದನ್ನು ಮತ್ತೆ ಹಾಕಿದರು. ಅಲ್ಲಿ ಕೆಲಸಕ್ಕಿರುವ ನನ್ನ ಅಣ್ಣನ ಮಗ ಫೋನ್ ಮಾಡಿದ: “ಕಾಕಾ, ಮೊಬೈಲ್‌ನಾಗ ಎಷ್ಟೋ ಸಲ ನೋಡೀನ್ರಿ. ಆದ್ರ ಥಿಯೇಟರ್‌ನಾಗ ಕುಂತಾಗ ಅದು ಬ್ಯಾರೇ ಸಿನಿಮಾನ ಆಗಿತ್ತು.” ಇಲ್ಲಿಯ ಗೆಳೆಯರಿಗೆ ಹೇಳಿದರೆ ಅವರ ಮಾತೇ ಬೇರೆ: ಮನೆಯಲ್ಲೇ ಸಿಗುವುದಕ್ಕೆ ಟಿಕೆಟ್ ಯಾಕೆ, ಗುಟ್ಟು ಬಯಲಾದ ಮೇಲೆ ಹೆದರಿಕೆ ಎಲ್ಲಿಯದು? ನಾನು ಹುಡುಗನ ಪಕ್ಷ.

ಕಥೆ ಸರಳ. ಅದಿರು ಎಳೆದುಕೊಂಡು ಭೂಮಿಗೆ ಮರಳುತ್ತಿರುವ ‘ನಾಸ್ಟ್ರೋಮೋ’ ಎಂಬ ಅಂತರಿಕ್ಷ ಹಡಗು, ಅದರಲ್ಲಿ ಏಳು ಜನ. ದಾರಿಯಲ್ಲೊಂದು ಸಂಕೇತ ಕೇಳಿಸುತ್ತದೆ, ಇಳಿದು ನೋಡುತ್ತಾರೆ, ಕೇನ್ ಎಂಬವನ ಮುಖಕ್ಕೆ ಏನೋ ಅಂಟಿಕೊಳ್ಳುತ್ತದೆ. ಆಮೇಲೆ ಅದು ತಾನಾಗಿಯೇ ಬಿಟ್ಟು ಬೀಳುತ್ತದೆ. ಕೇನ್ ಎದ್ದು ಕೂರುತ್ತಾನೆ, ಹಸಿವೆ ಎನ್ನುತ್ತಾನೆ, ಎಲ್ಲರೂ ನಗುತ್ತ ಊಟಕ್ಕೆ ಕೂರುತ್ತಾರೆ. ಅವನ ಎದೆ ಸೀಳಿಕೊಂಡು ಮರಿ ಹೊರಬರುವುದು ಆಗಲೇ. ಆ ದೃಶ್ಯದಲ್ಲಿ ರಕ್ತ ಅಷ್ಟು ಜೋರಾಗಿ ಚಿಮ್ಮುತ್ತದೆಂದು ಉಳಿದ ನಟರಿಗೆ ಮೊದಲೇ ಹೇಳಿರಲಿಲ್ಲ. ವೆರೋನಿಕಾ ಕಾರ್ಟ್‌ರೈಟ್ ಕಿರುಚಿದ್ದು ನಟನೆಯಲ್ಲ, ನಿಜವಾದ ಗಾಬರಿ. ಮೊದಲ ಸಲ ನೋಡುವವನು ಎದೆ ಸೀಳಿದಾಗ ಬೆಚ್ಚುತ್ತಾನೆ. ಎರಡನೆಯ ಸಲ ನೋಡುವವನಿಗೆ ಕೇನ್ ಮೊದಲ ತುತ್ತು ಎತ್ತಿದಾಗಲೇ ಹೊಟ್ಟೆಯಲ್ಲಿ ತಳಮಳ ಶುರು. ಗುಟ್ಟು ಗೊತ್ತಾದರೆ ಭಯ ಹೋಗುವುದಿಲ್ಲ. ಇನ್ನಷ್ಟು ಬೇಗ ಬಂದು ಕೂರುತ್ತದೆ.

ಇದು ನಮ್ಮ ಹಿರಿಯರಿಗೆ ಚೆನ್ನಾಗಿ ಗೊತ್ತಿತ್ತು. 1842ರಲ್ಲಿ ಉತ್ತರ ಕನ್ನಡದ ಕಡೆಯ ಯಕ್ಷಗಾನದ ಭಾಗವತ ಮೇಳವೊಂದು ಸಾಂಗ್ಲಿಗೆ ಬಂದು ಆಡಿತು. ನೋಡಿದ ರಾಜ ಚಿಂತಾಮಣರಾವ್ ಪಟವರ್ಧನರು ಇಂಥದ್ದು ಮರಾಠಿಯಲ್ಲೂ ಆಗಲಿ ಎಂದರು. ಮರುವರ್ಷವೇ ವಿಷ್ಣುದಾಸ ಭಾವೆಯವರು ‘ಸೀತಾ ಸ್ವಯಂವರ’ ಆಡಿಸಿದರು. ಮರಾಠಿ ರಂಗಭೂಮಿ ಹುಟ್ಟಿದ್ದು ಹೀಗೆ, ಕನ್ನಡದ ಕೈ ಹಿಡಿದು. ಯಕ್ಷಗಾನದ ಬಣ್ಣದ ವೇಷ ಒಮ್ಮೆಲೇ ಎದುರಿಗೆ ಬಂದು ನಿಲ್ಲುವುದಿಲ್ಲ. ಇಬ್ಬರು ತೆರೆ ಹಿಡಿದಿರುತ್ತಾರೆ. ಹಿಂದಿನಿಂದ ಅಬ್ಬರ ಕೇಳುತ್ತದೆ, ಕಿರೀಟದ ತುದಿ ಕಾಣುತ್ತದೆ, ಬಹಳ ಹೊತ್ತಿನ ಮೇಲೆ ಮುಖ. ಭಾವೆಯವರ ನಾಟಕಗಳಲ್ಲಿ ರಾಕ್ಷಸ ‘ಅಲಲಲ ಡುರ್‌ರ್’ ಎಂದು ಆರ್ಭಟಿಸುತ್ತ ಬರುತ್ತಿದ್ದ. ಆ ಕಾಲದ ನಾಟಕಗಳಿಗೆ ಅದೇ ಹೆಸರು ಅಂಟಿತು. ‘ಏಲಿಯನ್’ ಕೂಡ ಇದೇ ವಿದ್ಯೆಯನ್ನು ಬಲ್ಲದು. ಎಚ್. ಆರ್. ಗೀಗರ್ ಕಲ್ಪಿಸಿದ ಆ ಪ್ರಾಣಿ ಇಡೀ ಚಿತ್ರದಲ್ಲಿ ಕಾಣುವುದು ಕೆಲವೇ ನಿಮಿಷ. ಒಮ್ಮೆ ಬಾಲ, ಒಮ್ಮೆ ಜೊಲ್ಲು ಸುರಿಸುವ ಹಲ್ಲು. ಮಿಕ್ಕದ್ದನ್ನೆಲ್ಲ ಕತ್ತಲೆಗೆ ಬಿಟ್ಟಿದ್ದಾರೆ. ಆ ಕತ್ತಲೆ ಅಂಗೈಯಗಲದ ಗಾಜಿನಲ್ಲಿ ಹಿಡಿಸೀತೆ?

ಕೇನ್ ಹಗ್ಗ ಹಿಡಿದು ಮೊಟ್ಟೆಗಳ ಗುಹೆಗೆ ಇಳಿಯುವಾಗ ನನಗೆ ಹರಿಪುರದ ಅರಿಸಿನದ ಹಗೇವುಗಳೇ ಕಣ್ಣ ಮುಂದೆ ಬರುತ್ತವೆ. ಮರಾಠಿಯವರು ಪೇವ ಎನ್ನುತ್ತಾರೆ. ಕೃಷ್ಣೆ-ವಾರಣೆಯರ ಸಂಗಮದ ಹತ್ತಿರದ ಈ ಮಣ್ಣಿನಲ್ಲಿ ತೋಡಿದ ಆಳದ ಹೊಂಡಗಳು, ಬಾಯಿ ಕಿರಿದು, ಹೊಟ್ಟೆ ದೊಡ್ಡದು. ಬಾಯಿ ಮುಚ್ಚಿ ಮಣ್ಣು ಹಾಕಿದರೆ ವರ್ಷಗಟ್ಟಲೆ ಅರಿಸಿನಕ್ಕೆ ಹುಳ ಬೀಳುತ್ತಿರಲಿಲ್ಲ. ಗೋದಾಮುಗಳು ಬಂದವು, 2005 ಮತ್ತು 2019ರ ಮಹಾಪೂರಗಳು ಬಂದವು. ಹಗೇವುಗಳ ಕಾಲ ಹೆಚ್ಚುಕಡಿಮೆ ಮುಗಿಯಿತು. ಹಗೇವು ಯಾವ ಊರಿನದಾದರೂ ಬಾಯಿ ತೆರೆದ ಕೂಡಲೇ ಇಳಿಯುವಂತಿಲ್ಲ, ಒಳಗಿನ ಗಾಳಿ ಕೆಟ್ಟಿರುತ್ತದೆ. ಮೊದಲು ದೀಪ ಇಳಿಬಿಡಬೇಕು, ಆರಿದರೆ ಕಾಯಬೇಕು. ಕಾಯದೆ ಇಳಿದವರು ಮೇಲೆ ಬಂದಿಲ್ಲ.

ಇಳಿಯುವವನು ಯಾವಾಗಲೂ ಹಮಾಲ, ಮಾಲಕನಲ್ಲ. ಚಿತ್ರದ ನಿಜವಾದ ಭೀತಿ ಇರುವುದೂ ಇಲ್ಲೇ. ಹಡಗಿನಲ್ಲಿರುವವರು ವೀರರಲ್ಲ, ಬೋನಸ್ಸಿಗೆ ಜಗಳವಾಡುವ ಕೂಲಿಗಳು. ಪ್ರಾಣಿಯನ್ನು ಭೂಮಿಗೆ ತರಲೇಬೇಕು, ಹಡಗಿನ ಜನ ಹೋದರೂ ಚಿಂತೆಯಿಲ್ಲ ಎಂಬುದು ಹಡಗಿನ ಒಡೆಯ ಕಂಪನಿಯ ಗುಪ್ತ ಆದೇಶ. ಸಿಗೋರ್ನಿ ವೀವರ್ ಅವರ ರಿಪ್ಲಿ ಅದನ್ನು ಓದುವ ಗಳಿಗೆ ನನಗೆ ಆ ಹಲ್ಲುಗಳಿಗಿಂತ ಭಯಂಕರ. ಹರೆಯದಲ್ಲಿ ನೋಡಿದಾಗ ಕಣ್ಣೆಲ್ಲ ಪ್ರಾಣಿಯ ಮೇಲಿತ್ತು. ಸಂಬಳ, ಸಾಲ, ನಿವೃತ್ತಿ ಎಲ್ಲ ಕಂಡ ಮೇಲೆ ಕಣ್ಣು ಆ ಆದೇಶದ ಮೇಲೆ ನಿಲ್ಲುತ್ತದೆ. ಮರುಬಿಡುಗಡೆಯ ದೊಡ್ಡ ಉಪಕಾರ ಇದು. ಚಿತ್ರ ಇದ್ದಲ್ಲೇ ಇರುತ್ತದೆ, ನಾವು ಬದಲಾಗಿ ಬಂದು ಅದರೆದುರು ಕೂರುತ್ತೇವೆ.

ಇದು ಬರೀ ಹೊರದೇಶದ ಮಾತಲ್ಲ. ಕೊಂಕಣದ ‘ತುಂಬಾಡ್’ 2018ರಲ್ಲಿ ಬಂದಾಗ ಚಿತ್ರಮಂದಿರ ತುಂಬಲಿಲ್ಲ. 2024ರ ಸೆಪ್ಟೆಂಬರ್ 13ರಂದು ಮತ್ತೆ ಬಂದು ಮೊದಲ ಸಲಕ್ಕಿಂತ ಹೆಚ್ಚು ಗಳಿಸಿತು. ನಮ್ಮಲ್ಲಿ ‘ಓಂ’ ಮತ್ತೆ ಮತ್ತೆ ಬರುತ್ತಲೇ ಇದೆ, ‘ಕಸ್ತೂರಿ ನಿವಾಸ’ 2014ರಲ್ಲಿ ಬಣ್ಣ ಹಚ್ಚಿಕೊಂಡು ಬಂತು. ‘ಏಲಿಯನ್’ ಬಂದ 1979ರಲ್ಲೇ ಕನ್ನಡ ಮನೆಗಳ ನಿದ್ದೆ ಕೆಡಿಸಿದ ‘ನಾ ನಿನ್ನ ಬಿಡಲಾರೆ’ಗೂ ದೊಡ್ಡ ಪರದೆಯ ಮೇಲೆ ಹೊಸ ಜೀವ ಸಿಗಬೇಕು ಎಂಬುದು ನನ್ನ ಆಸೆ.

ಒಂದೇ ಷರತ್ತು. ಹಳೆಯ ಚಿತ್ರವನ್ನು ತೊಳೆದು, ಧೂಳು ಒರೆಸಿ ತನ್ನಿ, ತಿದ್ದಬೇಡಿ. ಸ್ಕಾಟ್ 2003ರಲ್ಲಿ ‘ಏಲಿಯನ್’ಗೆ ಕೆಲವು ದೃಶ್ಯ ಸೇರಿಸಿ, ಕೆಲವು ಕತ್ತರಿಸಿ ಇನ್ನೊಂದು ರೂಪ ಕೊಟ್ಟರು. ನನಗೆ 1979ರದೇ ಮೇಲು, ಅದಕ್ಕೆ ಕಾಯಲು ಬರುತ್ತದೆ. ಕಾಯಿಸಿ ಹೆದರಿಸುವ ಚಿತ್ರಗಳು ಒಬ್ಬರಿಗಾಗಿ ಮಾಡಿದವಲ್ಲ. ಪಕ್ಕದ ಅಪರಿಚಿತ ಉಸಿರು ಬಿಗಿಹಿಡಿದಾಗ ನಮ್ಮ ಉಸಿರೂ ನಿಲ್ಲಬೇಕು, ಅವನು ನಕ್ಕು ಹಗುರಾದಾಗ ನಾವೂ ಹಗುರಾಗಬೇಕು. ನಾಟಕ ನೋಡಿ ಬೆಳೆದ ಸಾಂಗ್ಲಿ-ಮಿರಜದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಇಲ್ಲಿಯ ಪರದೆಯೊಂದರ ಮೇಲೆ ‘ಏಲಿಯನ್’ ಹಾಕಿದರೆ ಓಣಿಯ ಹುಡುಗರಿಗೆಲ್ಲ ನಾನೇ ಟಿಕೆಟ್ ತೆಗೆಸುತ್ತೇನೆ. ಮೊಬೈಲ್ ಮಾತ್ರ ಮನೆಯಲ್ಲೇ ಬಿಟ್ಟು ಬರಬೇಕು.