ಅಡಿಗೆಮನೆ ಹೊತ್ತು ಅಲಾಸ್ಕಾಕ್ಕೆ

ವರ್ಗವಾಯಿತೆಂದರೆ ಮನೆಯ ಗಂಡಸರಿಗೆ ಒಂದು ಆರ್ಡರು, ಒಂದು ಸಹಿ. ನಮಗೆ? ಡಬ್ಬಿಗಳು, ಗೋಣಿಚೀಲಗಳು, ಒಡೆಯುವ ಸಾಮಾನಿಗೆ ಹಳೇ ಸೀರೆ ಸುತ್ತುವ ಕೆಲಸ, ಹಾಲಿನವನ ಲೆಕ್ಕ, ಮಕ್ಕಳ ಟಿ.ಸಿ. ನೀವೂ ಹಾಸನದಿಂದ ಗದಗಕ್ಕೋ, ಸಾಗರದಿಂದ ಕೊಳ್ಳೇಗಾಲಕ್ಕೋ ಲಾರಿಯ ಹಿಂದೆ ಬಸ್ಸು ಹತ್ತಿ ಹೋದವರೇ ಇರಬಹುದು. ನಾನು ಹೇಳಹೊರಟಿರುವುದೂ ಅಂಥದೇ ಕಥೆ. ದೂರ ಮಾತ್ರ ಕೊಂಚ ಹೆಚ್ಚು, ಸುಮಾರು 3,600 ಕಿಲೋಮೀಟರ್! ಅಮೆರಿಕದ ಸಿಯಾಟಲ್‌ನಿಂದ ಅಲಾಸ್ಕಾದ ಆಂಕರೇಜ್‌ಗೆ, ನಮ್ಮದೇ ಕಾರಿನಲ್ಲಿ, 2018ರ ಜೂನ್ ತಿಂಗಳಲ್ಲಿ. ನಮ್ಮ ಯಜಮಾನರು, ನಾನು, ಹನ್ನೆರಡು ವರ್ಷದ ಮಗಳು, ಏಳರ ಮಗ, ಎಪ್ಪತ್ತೊಂದರ ಅತ್ತೆ. ಹೀಗೆ ಐದು ಜನ.

ಮಕ್ಕಳ ಭೂಪಟವಿದ್ದರೆ ತೆಗೆದು ನೋಡಿ. ಅಲಾಸ್ಕಾ ಅಮೆರಿಕದ್ದೇ ರಾಜ್ಯ, ಆದರೆ ಉಳಿದ ಅಮೆರಿಕಕ್ಕೆ ಅಂಟಿಕೊಂಡಿಲ್ಲ. ನಡುವೆ ಇಡೀ ಕೆನಡಾ ಮಲಗಿದೆ. 1867ರಲ್ಲಿ ರಷ್ಯಾದಿಂದ 72 ಲಕ್ಷ ಡಾಲರಿಗೆ ಕೊಂಡ ನೆಲ ಅದು, ರಾಜ್ಯವಾದದ್ದು 1959ರಲ್ಲಿ. ವಿಸ್ತಾರದಲ್ಲಿ ನಮ್ಮ ಕರ್ನಾಟಕದಂಥ ಒಂಬತ್ತು ರಾಜ್ಯಗಳನ್ನು ಅದರೊಳಗೆ ಇಡಬಹುದು.

ವಿಮಾನದಲ್ಲಿ ಹೋದರೆ ಮೂರೂವರೆ ಗಂಟೆಯ ಹಾದಿಗೆ ಎಂಟು ದಿನದ ಈ ಸಾಹಸವೇಕೆ ಅಂತ ನೀವು ಕೇಳಬಹುದು. ಮಂಚ, ಬೀರು, ಪುಸ್ತಕಗಳು ಹಡಗಿನಲ್ಲಿ ಹೋದವು. ಅವು ಕೈಗೆ ಸಿಗಲು ವಾರಗಳೇ ಬೇಕು. ಅಲ್ಲಿಯವರೆಗೆ ಮಕ್ಕಳಿಗೆ ಏನು ಬೇಯಿಸಿ ಹಾಕಲಿ? ಕಾರೂ ಅಲ್ಲಿಗೆ ಬೇಕೇ ಬೇಕು. ಆದ್ದರಿಂದ ಅಡಿಗೆಮನೆಯನ್ನು ಕಾರಿಗೆ ತುಂಬುವುದೆಂದು ತೀರ್ಮಾನವಾಯಿತು.

ಅದಕ್ಕಿಂತ ಭಾರವಾದ ವಿಷಯ ಇನ್ನೊಂದಿತ್ತು. ಮಾವನವರು ತೀರಿಕೊಂಡ ಮೇಲೆ ಪುತ್ತೂರಿನ ಮನೆಗೆ ಬೀಗ ಹಾಕಿ ನಮ್ಮೊಡನೆ ಬಂದವರು ಅತ್ತೆ. ಸಿಯಾಟಲ್‌ನಲ್ಲಿ ಮೂರು ವರ್ಷದಲ್ಲಿ ಹೇಗೋ ಹೊಂದಿಕೊಂಡಿದ್ದರು. ಕಿಟಕಿಯಲ್ಲಿ ಒಂದು ತುಳಸಿ, ಭಾನುವಾರ ಭಜನೆ, ಫೋನಿನಲ್ಲಿ ಹರಟಲು ನಾಲ್ಕು ಜನ. ಅಲಾಸ್ಕಾ ಎಂದಾಗ ಅವರ ಮುಖವೇ ಇಳಿದುಹೋಯಿತು. “ಅಲ್ಲಿ ಬೇಸಿಗೆಯಲ್ಲಿ ಸೂರ್ಯ ಮುಳುಗುವುದಿಲ್ಲವಂತೆ, ಚಳಿಗಾಲದಲ್ಲಿ ಹುಟ್ಟುವುದೇ ಇಲ್ಲವಂತೆ. ದೇವರಿಗೆ ದೀಪ ಹಚ್ಚುವುದು ಯಾವಾಗ ಮಾರಾಯ್ತಿ?” ಎಂದರು. ಆಮೇಲೆ ಮಗನ ಹತ್ತಿರ ಮೆಲ್ಲಗೆ, “ಬಂದು ನೋಡುತ್ತೇನೆ. ಆಗದಿದ್ದರೆ ನನಗೆ ಪುತ್ತೂರಿಗೆ ಟಿಕೆಟ್ ಮಾಡಿಸು” ಎಂದರಂತೆ. ಮಂಡಿನೋವಿನ ಜೀವ, ಬೀಗ ಹಾಕಿದ ಮನೆಯಲ್ಲಿ ಒಂಟಿಯಾಗಿ! ನಮ್ಮ ಯಜಮಾನರಿಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ.

ಕಾಗದಪತ್ರದ ಮಾತು ಮೊದಲು ಮುಗಿಸಿಬಿಡುತ್ತೇನೆ. ನಡುವೆ ಪರದೇಶವಾದ್ದರಿಂದ ಗಡಿಯನ್ನು ಎರಡು ಸಲ ದಾಟಬೇಕು. ಅಮೆರಿಕದ ಗ್ರೀನ್ ಕಾರ್ಡ್ ಇರುವ ಭಾರತೀಯರು ಪಾಸ್‌ಪೋರ್ಟಿನ ಜೊತೆ ಅದನ್ನು ತೋರಿಸಿದರೆ ಕೆನಡಾದ ವೀಸಾ ಬೇಕಿಲ್ಲ. ಉಳಿದವರು ಮೊದಲೇ ಮಾಡಿಸಿಕೊಳ್ಳಬೇಕು. ಸಾಮಾನಿನ ಪಟ್ಟಿ ಬರೆದಿಟ್ಟುಕೊಂಡರೆ ಗಡಿಯಲ್ಲಿ ಕೆಲಸ ಹಗುರ. ಹಣ್ಣು, ತರಕಾರಿ, ಮಣ್ಣಿನ ಸಮೇತ ಗಿಡ, ಇವಕ್ಕೆಲ್ಲ ಕಟ್ಟುನಿಟ್ಟು. ತುಳಸಿಯನ್ನೂ ಕರಿಬೇವನ್ನೂ ಸ್ನೇಹಿತೆಯ ಮನೆಗೆ ಕೊಟ್ಟು ಬಂದೆವು. ಅತ್ತೆ ತುಳಸಿಗೆ ನೀರೆರೆದು, ಏನೂ ಮಾತಾಡದೆ ಬಂದು ಕಾರಿನಲ್ಲಿ ಕೂತರು.

ಇನ್ನು ನಮ್ಮ ಅಡಿಗೆಮನೆ. ಒಂದು ಕುಕ್ಕರು, ಪುಟ್ಟ ಇಲೆಕ್ಟ್ರಿಕ್ ಒಲೆ, ನೀರು ಕಾಯಿಸುವ ಕೆಟಲ್, ಮಸಾಲೆ ಡಬ್ಬಿ, ಅಕ್ಕಿ, ಬೇಳೆ, ತೆಳು ಅವಲಕ್ಕಿ, ಹಪ್ಪಳ, ಮಿಡಿ ಉಪ್ಪಿನಕಾಯಿ (ಮೂರು ಪ್ಲಾಸ್ಟಿಕ್ ಚೀಲದೊಳಗೆ, ಕಾರೆಲ್ಲ ಎಣ್ಣೆಯಾದೀತೆಂಬ ಭಯ). ನಮ್ಮನ್ನು ಕಾಪಾಡಿದ್ದು ಮಾತ್ರ ಸಜ್ಜಿಗೆ ಹುಡಿ. ದೂರದ ಪ್ರಯಾಣ ಹೋಗುವವರು ಮಾಡಿಟ್ಟುಕೊಳ್ಳಿ: ಎಣ್ಣೆಯಲ್ಲಿ ಸಾಸಿವೆ, ಉದ್ದಿನಬೇಳೆ, ಒಣಮೆಣಸು, ಕರಿಬೇವು ಹಾಕಿ, ಕರಿಬೇವು ಗರಿಗರಿಯಾಗುವಷ್ಟು ಹುರಿದು, ಅದಕ್ಕೇ ಎರಡು ಲೋಟ ರವೆ ಹಾಕಿ ಘಮ್ಮೆನ್ನುವವರೆಗೆ ಬಾಡಿಸಿ, ಉಪ್ಪು, ಚಿಟಿಕೆ ಸಕ್ಕರೆ ಬೆರೆಸಿ, ಪೂರ್ತಿ ಆರಿದ ಮೇಲೆ ಡಬ್ಬಿಗೆ ತುಂಬಿ. ಬೇಕಾದಾಗ ಒಂದು ಪಾಲು ಹುಡಿಗೆ ಎರಡು ಪಾಲು ಕುದಿನೀರು ಸುರಿದು ಹತ್ತು ನಿಮಿಷ ಗಟ್ಟಿಯಾಗಿ ಮುಚ್ಚಿಟ್ಟರೆ ಆಯಿತು. ಒಲೆಯೇ ಬೇಡ.

ಮೊದಲ ಮೂರು ದಿನದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಫ್ರೇಸರ್ ನದಿಯ ಕಮರಿ ಚೆಂದವೇ. ಆದರೆ ಮಗನಿಗೆ ವಾಂತಿ, ನನಗೆ ಚೀಲ ಹಿಡಿಯುವ ಕೆಲಸ. ಪ್ರಿನ್ಸ್ ಜಾರ್ಜ್ ದಾಟಿ ಡಾಸನ್ ಕ್ರೀಕ್ ಎಂಬ ಊರಿಗೆ ಬಂದರೆ ಅಲ್ಲಿ ‘ಸೊನ್ನೆ ಮೈಲಿ’ ಎಂದು ಬರೆದ ಕಂಬ ನಿಂತಿದೆ. ಅಲಾಸ್ಕಾ ಹೆದ್ದಾರಿ ಶುರುವಾಗುವುದೇ ಅಲ್ಲಿಂದ.

ಈ ರಸ್ತೆ ಹುಟ್ಟಿದ್ದು ಯುದ್ಧದಿಂದ. 1941ರ ಡಿಸೆಂಬರ್‌ನಲ್ಲಿ ಜಪಾನು ಪರ್ಲ್ ಹಾರ್ಬರಿನ ಮೇಲೆ ಬಾಂಬು ಹಾಕಿತಲ್ಲ, ಇನ್ನು ಅಲಾಸ್ಕಾದ ಗತಿಯೇನು ಎಂಬ ದಿಗಿಲು ಅಮೆರಿಕಕ್ಕೆ. 1942ರ ಮಾರ್ಚಿನಲ್ಲಿ ಶುರುಮಾಡಿ ಅಕ್ಟೋಬರ್ ಕೊನೆಯ ಹೊತ್ತಿಗೆ ಕಾಡು, ಕೆಸರು, ಹಿಮವನ್ನೆಲ್ಲ ಸೀಳಿ ಎರಡು ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದಾರಿ ಮಾಡಿಬಿಟ್ಟರು. ದುಡಿದ ಹತ್ತು ಸಾವಿರಕ್ಕೂ ಮಿಕ್ಕಿದ ಸೈನಿಕರಲ್ಲಿ ಸುಮಾರು ಮೂರರಲ್ಲೊಂದು ಪಾಲು ಕಪ್ಪು ಜನಾಂಗದವರು. ಆಗ ಅವರ ದಳಗಳೇ ಬೇರೆ, ಡೇರೆಗಳೇ ಬೇರೆ. ಆದರೆ ಆ ಅಕ್ಟೋಬರ್ 25ರಂದು ಬೀವರ್ ಕ್ರೀಕ್ ಬಳಿ ಎರಡು ಕಡೆಯಿಂದ ಮರ ಉರುಳಿಸುತ್ತ ಬಂದ ಬುಲ್‌ಡೋಜರುಗಳು ಮುಖಾಮುಖಿಯಾದಾಗ ಒಂದರ ಮೇಲಿದ್ದವನು ಕಪ್ಪು ಸೈನಿಕ, ಇನ್ನೊಂದರ ಮೇಲೆ ಬಿಳಿಯ! ರಸ್ತೆಯ ಜೊತೆ ರೋಗವೂ ಬಂತು ಅನ್ನಿ. ಟೆಸ್ಲಿನ್ ಮುಂತಾದ ಕಡೆಯ ಮೂಲನಿವಾಸಿಗಳ ಮನೆಗಳಲ್ಲಿ ದಡಾರ ಮೊದಲಾದ ಕಾಯಿಲೆಗಳು ಒಂದರ ಹಿಂದೊಂದು ಹೊಕ್ಕು ಮಕ್ಕಳುಮರಿಗಳನ್ನು ಕಾಡಿದವು. ರಸ್ತೆ ಜನಸಾಮಾನ್ಯರಿಗೆ ತೆರೆದದ್ದು 1948ರಲ್ಲಿ.

ಈಗ ಹೆಚ್ಚುಕಡಮೆ ಎಲ್ಲ ಕಡೆ ಡಾಂಬರು. ಆದರೂ ಪ್ರತಿ ಬೇಸಿಗೆ ಎಲ್ಲಾದರೊಂದು ಕಡೆ ದುರಸ್ತಿ, ಜಲ್ಲಿ, ಧೂಳು. ಎದುರು ಲಾರಿಯಿಂದ ಹಾರಿದ ಕಲ್ಲು ನಮ್ಮ ಮುಂಗಾಜಿಗೆ ನಕ್ಷತ್ರ ಬರೆಯಿತು. ಅರ್ಧ ಟ್ಯಾಂಕು ಇಳಿಯುತ್ತಲೇ ಪೆಟ್ರೋಲು ತುಂಬಿಸಿಕೊಳ್ಳಬೇಕು. ಮುಂದಿನ ಬಂಕು ಎಷ್ಟು ದೂರವೋ, ತೆರೆದಿದೆಯೋ ಇಲ್ಲವೋ. ಫೋನು ಗಂಟೆಗಟ್ಟಲೆ ಮೂಕ. 1949ರಿಂದ ಅಚ್ಚಾಗುತ್ತಿರುವ ‘ಮೈಲ್‌ಪೋಸ್ಟ್’ ಎಂಬ ದಪ್ಪ ಪುಸ್ತಕವೇ ಗತಿ. ಎಲ್ಲಿ ಊಟ, ಎಲ್ಲಿ ಬಾತ್‌ರೂಮು ಎಂಬುದು ಮೈಲಿ ಮೈಲಿಗೂ ಅದರಲ್ಲಿದೆ. ಅದನ್ನು ಗಟ್ಟಿಯಾಗಿ ಓದುವ ಅಧಿಕಾರ ಮಗಳದಾಯಿತು.

ಫೋರ್ಟ್ ನೆಲ್ಸನ್ ದಾಟಿದ ಮೇಲಿನ ದಾರಿಯನ್ನು ಹೇಗೆ ವರ್ಣಿಸಲಿ? ಬೆಟ್ಟದ ಸೆರಗು ಹಿಡಿದೇ ರಸ್ತೆ ಏರುತ್ತದೆ. ಮಂಚೋ ಸರೋವರದ ನೀರು ನವಿಲುಕತ್ತಿನ ಬಣ್ಣ. ಉಪ್ಪು ನೆಕ್ಕಲು ರಸ್ತೆಗಿಳಿದ ಕಾಡುಕುರಿಗಳು ನಮಗೆ ದಾರಿಯನ್ನೇ ಬಿಡಲಿಲ್ಲ. ಮುಂದೆ ಕಾಡೆಮ್ಮೆಗಳ ಹಿಂಡು. ಮರಿಗಳ ಸಮೇತ, ನಮ್ಮೂರ ದನ ಸಂಜೆ ಮನೆಗೆ ಹೊರಟ ಹಾಗೆಯೇ ನಿಧಾನ. ಎಂಜಿನ್ ನಿಲ್ಲಿಸಿ ಕಾದೆವು. ಅತ್ತೆ ಕನ್ನಡಕ ಸರಿಮಾಡಿಕೊಂಡು, “ಆ ಕೊನೆಯದು ಗಬ್ಬ ಅಂತ ಕಾಣ್ತದೆ” ಎಂದರು. ಹೊರಟ ಮೇಲೆ ಅವರಾಗಿ ಆಡಿದ ಮೊದಲ ಮಾತು ಅದು!

ಲಿಯಾರ್ಡ್ ಎಂಬಲ್ಲಿ ಬಿಸಿನೀರ ಬುಗ್ಗೆಯಿದೆ. ಜೌಗಿನ ಮೇಲೆ ಹಾಸಿದ ಹಲಗೆಯ ದಾರಿಯಲ್ಲಿ ಹತ್ತು ನಿಮಿಷ ನಡೆದರೆ ಕಾಡಿನ ನಡುವೆ ಹೊಗೆಯಾಡುವ ಕೊಳ. ಸೊಳ್ಳೆಗಳೋ, ಕೇಳಬೇಡಿ. ಹಿಮದ ನಾಡಿನಲ್ಲಿ ಸೊಳ್ಳೆಯೇ ಅಂದುಕೊಂಡಿದ್ದೆ. ನಮ್ಮ ಅಡಿಕೆ ತೋಟದವನ್ನೂ ಮೀರಿಸಿದವು. ಅತ್ತೆ ಸೀರೆ ಮೊಣಕಾಲಿಗೆತ್ತಿ ಮೆಟ್ಟಿಲಲ್ಲಿ ಕುಳಿತು ಕಾಲು ಇಳಿಬಿಟ್ಟರು. “ನಮ್ಮ ಬೆಂದ್ರ್‌ತೀರ್ಥಕ್ಕಿಂತ ಬಿಸಿ ಉಂಟು” ಎಂದರು. ಪುತ್ತೂರಿನ ಹತ್ತಿರವೂ ಬಿಸಿನೀರ ಬುಗ್ಗೆ ಇದೆಯೆಂದು ಮಕ್ಕಳಿಗೆ ಗೊತ್ತಾದದ್ದೇ ಆಗ. ಒಂದು ಗಂಟೆ ಏಳಲೇ ಇಲ್ಲ. ಆ ರಾತ್ರಿ ಮಂಡಿಗೆ ಎಣ್ಣೆ ಕೇಳಲಿಲ್ಲ.

ಮರುದಿನ ವಾಟ್ಸನ್ ಲೇಕ್. 1942ರಲ್ಲಿ ಕಾರ್ಲ್ ಲಿಂಡ್ಲಿ ಎಂಬ ಸೈನಿಕನಿಗೆ ಪೆಟ್ಟಾಗಿ, ದಾರಿಯ ಫಲಕ ದುರಸ್ತಿ ಮಾಡುವ ಹಗುರ ಕೆಲಸ ಕೊಟ್ಟರಂತೆ. ಊರಿನ ನೆನಪು ಕಾಡಿ ಆತ ಇಲಿನಾಯ್ ರಾಜ್ಯದ ತನ್ನೂರು ಡ್ಯಾನ್‌ವಿಲ್‌ನ ಹೆಸರು, ದೂರ ಬರೆದು ಒಂದು ಹಲಗೆ ಹೊಡೆದ. ನೋಡಿದವರೆಲ್ಲ ತಮ್ಮ ತಮ್ಮ ಊರಿನದು ಹೊಡೆಯುತ್ತ ಹೋದರು. ಈಗಲ್ಲಿ ಕಂಬಗಳ ಕಾಡೇ ಇದೆ. ಹತ್ತಾರು ಸಾವಿರ ಊರುಗಳ ಹೆಸರು. ನಾವೂ ಹೊಡೆಯೋಣವೆಂದು ಮಕ್ಕಳ ಹಟ. ಆದರೆ ಹಲಗೆ ಎಲ್ಲಿದೆ?

ಅತ್ತೆ ಪಾತ್ರೆಯ ಚೀಲ ಬಿಚ್ಚಿಸಿದರು. ಅಡಿಯಿಂದ ಒಂದು ಸ್ಟೀಲಿನ ತಿಂಡಿತಟ್ಟೆ ತೆಗೆದರು. ಅಂಚಿನಲ್ಲಿ ಚುಕ್ಕಿಚುಕ್ಕಿಯಾಗಿ ಮಾವನವರ ಹೆಸರು, ‘ಪುತ್ತೂರು’, 1974. ಪಾತ್ರೆ ಅಂಗಡಿಯವರು ಕೊರೆದು ಕೊಡುತ್ತಾರಲ್ಲ, ನಿಮ್ಮ ಮನೆಯಲ್ಲೂ ಇರುತ್ತದೆ. “ಬೇಡಮ್ಮಾ, ಅದು ಅಪ್ಪನದು” ಎಂದರು ನಮ್ಮ ಯಜಮಾನರು. “ಅವರಿಗೆ ಊರೂರು ನೋಡುವುದೆಂದರೆ ಆಸೆ ಇತ್ತು. ಮಂಗಳೂರು ಬಿಟ್ಟು ಆಚೆ ಹೋಗಲಿಕ್ಕಾಗಲಿಲ್ಲ. ಇಲ್ಲಿ ಇರಲಿ” ಎಂದು ಕೈಯಲ್ಲಿಟ್ಟರು. ಮೊಳೆ ಹೊಡೆಯುವಾಗ ಯಜಮಾನರ ಸುತ್ತಿಗೆ ಎರಡು ಸಲ ತಪ್ಪಿತು.

ವೈಟ್‌ಹಾರ್ಸ್ ಯೂಕಾನ್ ಪ್ರಾಂತದ ರಾಜಧಾನಿ. ಅಲ್ಲಿ ರಾತ್ರಿ ಹತ್ತೂವರೆಗೂ ಮಕ್ಕಳು ಬಿಸಿಲಲ್ಲಿ ಆಡುತ್ತಿದ್ದರು. ಮೋಟೆಲಿನಲ್ಲಿ ಬೆಂಕಿ ಹಚ್ಚುವಂತಿಲ್ಲ, ಹೊಗೆ ಕಂಡರೆ ಗಂಟೆ ಹೊಡೆದುಕೊಳ್ಳುತ್ತದೆ. ಅತ್ತೆ ಬೆಳ್ಳಿಯ ಪುಟ್ಟ ದೀಪವನ್ನು ಬತ್ತಿಯಿಲ್ಲದೆ ಇಟ್ಟು, ಸೂರ್ಯ ಮುಳುಗುವುದನ್ನೇ ಕಾಯುತ್ತ ಕೂತರು. ಹನ್ನೊಂದೂವರೆಯಾಯಿತು. ತೂಕಡಿಸುತ್ತಲೇ ಕೈಮುಗಿದು ಮಲಗಿದರು.

ಮುಂದೆ ಕ್ಲುಆನಿ ಸರೋವರ. ಕೆನಡಾದಲ್ಲೇ ಎತ್ತರದ ಲೋಗನ್ ಶಿಖರ, 5,959 ಮೀಟರ್, ಅತ್ತ ಕಡೆಯ ಹಿಮರಾಶಿಯೊಳಗೆ ಅಡಗಿದೆ. ರಸ್ತೆಗೆ ಕಾಣುವುದು ಮುಂದಿನ ಸಾಲು ಮಾತ್ರ. ಅಲ್ಲಿಂದ ಗಡಿಯವರೆಗೆ ನೆಲದಡಿ ಎಷ್ಟೋ ಕಡೆ ವರ್ಷವಿಡೀ ಕರಗದ ಮಂಜು. ಮೇಲೆ ರಸ್ತೆ ಹಾಕಿದರೆ ಶಾಖ ತಾಗಿ ಮಂಜು ಅಲ್ಲಲ್ಲಿ ಕರಗಿ, ನೆಲ ಕುಸಿದು, ರಸ್ತೆ ಅಲೆ ಅಲೆಯಾಗುತ್ತದೆ. ತೊಟ್ಟಿಲಲ್ಲಿ ಹೋದ ಹಾಗೆ! ಉಪ್ಪಿನಕಾಯಿ ಭರಣಿಯನ್ನು ನಾನು ತೊಡೆಯ ಮೇಲಿಟ್ಟುಕೊಂಡೆ. ಅಲಾಸ್ಕಾ ಗಡಿಯಲ್ಲಿ ಅಧಿಕಾರಿ ಡಬ್ಬಿಗಳನ್ನೆಲ್ಲ ಮೂಸಿ ನೋಡಿ, ಸಜ್ಜಿಗೆ ಹುಡಿ ಏನೆಂದು ಕೇಳಿ, ಬಿಟ್ಟುಕೊಟ್ಟ. ಟೋಕ್‌ನಲ್ಲಿ ಹೆದ್ದಾರಿ ಬಿಟ್ಟು ಎಡಕ್ಕೆ ಹೊರಳಿ, ಎಂಟನೆಯ ದಿನ ಸಂಜೆ ಆಂಕರೇಜ್ ಸೇರಿದೆವು. ಸಂಜೆ ಎಂದೆನಲ್ಲ, ಬಿಸಿಲು ಮಾತ್ರ ಮಟಮಟ ಮಧ್ಯಾಹ್ನದ್ದೇ.

ಖಾಲಿ ಮನೆಯಲ್ಲಿ ಮೊದಲು ಉಕ್ಕಿಸಿದ್ದು ಹಾಲು. ಆಮೇಲೆ ಅತ್ತೆ ಗೋಡೆಗೆ ಗಡಿಯಾರ ಹಾಕಿಸಿದರು. “ಸೂರ್ಯನನ್ನು ನಂಬಿ ಕೂತರೆ ಆಗುವುದಿಲ್ಲ. ಏಳು ಗಂಟೆಗೆ ದೀಪ” ಎಂದು ತಾವೇ ಕಾನೂನು ಮಾಡಿದರು.

ಆಂಕರೇಜ್‌ನಲ್ಲಿ ಸೂರ್ಯ ಹುಟ್ಟದೇ ಇರುವುದಿಲ್ಲ. ಅದು ಇನ್ನೂ ಬಡಗಣ ತುದಿಯ ಊರುಗಳ ಪಾಡು. ಇಲ್ಲಿ ಡಿಸೆಂಬರ್ 21ರ ಹೊತ್ತಿಗೆ ಬೆಳಿಗ್ಗೆ ಹತ್ತೂಕಾಲಕ್ಕೆ ಬಂದು ಮಧ್ಯಾಹ್ನ ಮೂರೂಮುಕ್ಕಾಲಿಗೆ ಹೋಗಿಬಿಡುತ್ತಾನೆ. ಕಡು ಚಳಿಯಲ್ಲಿ ಎಂಜಿನ್ ಹೆಪ್ಪುಗಟ್ಟದಂತೆ ಕಾರಿಗೆ ರಾತ್ರಿ ಕರೆಂಟಿನ ತಂತಿ ಸಿಕ್ಕಿಸಬೇಕು. “ಕಾರಿಗೂ ಕಷಾಯ ಕುಡಿಸುವುದಾ!” ಎಂದು ಅತ್ತೆ ನಕ್ಕರು. ಆ ಚಳಿಗಾಲ ಅವರಿಗೆ ಸುಲಭವಾಗಿರಲಿಲ್ಲ. ಎಷ್ಟೋ ದಿನ ಮಂಕಾಗಿ ಕೂತಿರುತ್ತಿದ್ದರು. ಡಾಕ್ಟರು ಡಿ ವಿಟಮಿನ್ ಕೊಟ್ಟರು, ಕೋಣೆಗೆ ಪ್ರಖರ ದೀಪ ಹಾಕಿಸಿದೆವು. ಹತ್ತು ಗಂಟೆಗೆ ಕಾಫಿ ಲೋಟ ಹಿಡಿದು ಕಿಟಕಿಯಲ್ಲಿ ನಿಲ್ಲುವುದು ಅವರಿಗೆ ರೂಢಿಯಾಯಿತು. ಬೆಟ್ಟದ ಅಂಚು ಕೆಂಪಾದಾಗ ಒಳಗೆ ಕೂಗಿ ಹೇಳುತ್ತಿದ್ದರು, “ಬಂದ, ಬಂದ!”

ಮರುವರ್ಷ ಮಾವನವರ ತಿಥಿಗೆ ಪುತ್ತೂರಿಗೆ ಹೋದರು. ಟಿಕೆಟ್ ಮಾಡಿಸುವಾಗ ನಮ್ಮ ಯಜಮಾನರು ಹೋಗುವುದಕ್ಕೆ ಮಾತ್ರ ಮಾಡಿಸಲೋ, ಬರುವುದಕ್ಕೂ ಮಾಡಿಸಲೋ ಎಂದು ಕೇಳಲು ಧೈರ್ಯವಿಲ್ಲದೆ ನನ್ನನ್ನು ಕಳಿಸಿದರು. ಅತ್ತೆ ಹಪ್ಪಳದ ಡಬ್ಬಿಯಿಂದ ತಲೆಯೆತ್ತದೆ, “ಬರುವಾಗ ಸಾಮಾನು ಹೆಚ್ಚು ತರಲಿಕ್ಕಾಗುವ ವಿಮಾನ ನೋಡಲಿಕ್ಕೆ ಹೇಳು” ಎಂದರು.