ಮಣೆಯಿಂದ ಮೇಜಿಗೆ

ನಮ್ಮ ಸಾಗರದ ಕಡೆಯ ಹಳೆಯ ಮನೆಗಳಲ್ಲಿ ಊಟದ ಕೋಣೆಯ ಪೀಠೋಪಕರಣವೆಂದರೆ ಗೋಡೆಗೆ ಒರಗಿಸಿಟ್ಟ ಐದಾರು ಮಣೆಗಳು, ಅಷ್ಟೆ. ಮಣೆ ಹಾಕಿದರೆ ಅದು ಊಟದ ಮನೆ. ಊಟ ಮುಗಿದು ಗೋಮಯ ಹಚ್ಚಿ ಒರೆಸಿದರೆ ಅದೇ ಜಾಗದಲ್ಲಿ ಅಡಿಕೆ ಸುಲಿಯಬಹುದು, ಹಪ್ಪಳ ಲಟ್ಟಿಸಬಹುದು, ಮಗುವಿಗೆ ಹಾಸಿಗೆ ಹಾಸಬಹುದು. ಮೇಜು ಹಾಗಲ್ಲ. ಅದು ಒಮ್ಮೆ ಬಂದು ಕೂತಿತೆಂದರೆ ದಿನದ 24 ಗಂಟೆಯೂ ಕೂತೇ ಇರುತ್ತದೆ. “ಸೊಸೆ ತರುವಷ್ಟೇ ಯೋಚನೆ ಮಾಡಿ ತರಬೇಕು” ಎಂದರು ನಮ್ಮ ಅತ್ತೆ. ಯಾರನ್ನು ಕುರಿತು ಅಂದರೋ, ನಾನು ಕೇಳಲು ಹೋಗಲಿಲ್ಲ.

ಕುರ್ಚಿ ಎಂಬ ಮಾತು ಅರಬ್ಬಿಯಿಂದ ಬಂದದ್ದು, ಮೇಜು ಪಾರಸಿಯಿಂದ. ಮಣೆಯೊಂದೇ ನಮ್ಮದು. ಮಕ್ಕಳಿಗೆ ಅನ್ಯದೇಶ್ಯ ಪದಗಳ ಪಾಠ ಮಾಡುವಾಗ ಇದನ್ನು ಎಷ್ಟೋ ಸಲ ಹೇಳಿದ್ದೇನೆ. ಆದರೆ ಮಾತು ಎಲ್ಲಿಂದ ಬಂದರೇನು, ಮಂಡಿ ನೋವು ಮಾತ್ರ ನಮ್ಮದೇ ತಾನೆ?

ಮೇಜಿನ ಮಾತು ಹುಟ್ಟಿದ್ದೇ ಅತ್ತೆಯವರ ಮಂಡಿಯಿಂದ. ಅವರಿಗೀಗ 82. ಇನ್ನು ನೆಲಕ್ಕೆ ಕೂರಬೇಡಿ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ ಮೇಲೆ ಅವರಿಗೊಂದು ಪ್ಲಾಸ್ಟಿಕ್ ಕುರ್ಚಿ, ತಟ್ಟೆ ಇಡಲು ಒಂದು ಸ್ಟೂಲು ಹಾಕಿದೆವು. ಅವರು ಆ ಕುರ್ಚಿಯನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡು ಕೂತರು. “ಮಗ ಕೆಳಗೆ ಕೂತಿರುವಾಗ ನಾನು ಮೇಲೆ ಕೂತು ಉಣ್ಣುವುದು ಹ್ಯಾಗೆ?” ಎಂದು ಸಂಕೋಚ. ಕ್ರಮೇಣ ಎಲ್ಲರದೂ ಆದ ಮೇಲೆ ಒಬ್ಬರೇ ಉಣ್ಣತೊಡಗಿದರು. ಒಬ್ಬರೇ ಉಣ್ಣುವವರ ಊಟ ದಿನದಿಂದ ದಿನಕ್ಕೆ ಕಮ್ಮಿಯಾಗುತ್ತದೆ, ನೀವೂ ಕಂಡಿರುತ್ತೀರಿ. ಒಂದು ಸೌಟು ಅನ್ನ ಅರ್ಧ ಸೌಟಾಯಿತು, ಆಮೇಲೆ ರಾತ್ರಿಗೆ ಬರೀ ಮಜ್ಜಿಗೆ.

ಇನ್ನು ನನ್ನದು. ಶಾಲೆಗೆ ಹೊರಡುವ ಗಡಿಬಿಡಿಯಲ್ಲಿ 28 ವರ್ಷ ಅಡುಗೆ ಕಟ್ಟೆಗೆ ಒರಗಿ ನಿಂತೇ ಉಂಡವಳು ನಾನು. ಹೀಗೆ ಉಣ್ಣುವ ಟೀಚರುಗಳ ಒಂದು ಸಂಘ ಕಟ್ಟಿದರೆ ಜಿಲ್ಲೆಗೇ ದೊಡ್ಡದಾದೀತು. ಆದ್ದರಿಂದ ಈ ಮೇಜಿನಲ್ಲಿ ನನಗೂ ಅತ್ತೆಗೂ ಖಾಯಂ ಜಾಗ ಇರಬೇಕು, ಮಿಕ್ಕದ್ದೆಲ್ಲ ಆಮೇಲೆ ಎಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡೆ.

ನಮ್ಮವರಿಗೆ ಬೇಕಾಗಿದ್ದು ಎಂಟು ಕುರ್ಚಿಯ ಗಾಜಿನ ಮೇಜು. ಬೆಂಗಳೂರಿನಲ್ಲಿ ಅವರ ದಾಯಾದಿಯ ಮನೆಯಲ್ಲಿ ನೋಡಿ ಬಂದಿದ್ದರು. ಗಾಜು ಅಂಗಡಿಯಲ್ಲಿ ಚೆನ್ನ. ಮನೆಗೆ ಬಂದರೆ ಪ್ರತಿ ಬೆರಳಿನ ಗುರುತು, ಪ್ರತಿ ತಟ್ಟೆಯ ಸದ್ದು. ಮೇಲಾಗಿ ಉಣ್ಣುವಾಗ ಎಲ್ಲರ ಕಾಲೂ ಕಾಣುತ್ತದೆ! ವಾದ ಮಾಡುವ ಬದಲು ನಾನು ಶಾಲೆಯ ಚೀಲದಲ್ಲಿದ್ದ ಸೀಮೆಸುಣ್ಣ ತೆಗೆದು, ಅವರು ಹೇಳಿದ 7 ಅಡಿ ಉದ್ದ, ಮೂರೂವರೆ ಅಡಿ ಅಗಲದ ಮೇಜನ್ನು ಊಟದ ಕೋಣೆಯ ನೆಲದ ಮೇಲೆ ಬರೆದುಬಿಟ್ಟೆ. ನಮ್ಮ ಕೋಣೆ 11 ಅಡಿಗೆ 10. ಎರಡು ತುದಿಗೂ ಉಳಿದದ್ದು ಎರಡೆರಡೇ ಅಡಿ. ಕೂತವರು ಕುರ್ಚಿ ಹಿಂದಕ್ಕೆಳೆದು ಏಳಲು 3 ಅಡಿಯಾದರೂ ಬೇಕು. ಎರಡು ದಿನ ಆ ಗೆರೆ ದಾಟದೆ ಓಡಾಡಿ ಎಂದೆ. ಅತ್ತೆ ಅದನ್ನು ರಂಗೋಲಿಯ ಹಾಗೆ ಎಚ್ಚರದಿಂದ ಬಳಸಿ ನಡೆದರು. ನಮ್ಮವರು ಸಾರಿನ ಪಾತ್ರೆ ಹಿಡಿದು ಒಂದು ಸಲ ಸುತ್ತು ಬಂದವರೇ “ಐದಡಿ ಸಾಕು ಕಣೆ” ಎಂದರು.

5 ಅಡಿ ಉದ್ದ, 3 ಅಡಿ ಅಗಲ ಎಂದಾಯಿತು. ಒಬ್ಬರು ಮೊಣಕೈ ತಗುಲಿಸದೆ ಉಣ್ಣಲು 2 ಅಡಿ ಜಾಗ ಬೇಕು. ಅಂದರೆ ಬದಿಗೆ ಇಬ್ಬರಂತೆ ನಾಲ್ವರು, ತುದಿಗೆ ಒಬ್ಬೊಬ್ಬರು. ಮಗ, ಸೊಸೆ, ಮೊಮ್ಮಗಳು ಬಂದರೆ ಲೆಕ್ಕ ಸರಿಯಾಗಿ ಆರು. ಅಗಲ 3 ಅಡಿಗೆ ಕಮ್ಮಿ ಬೇಡವೆಂದು ಹಟ ಹಿಡಿದವಳು ನಾನು. ಹಬ್ಬದ ದಿನ ಎದುರುಬದುರು ಬಾಳೆಎಲೆ ಹಾಕಬೇಡವೇ? ಒಂದು ಎಲೆಗೆ 15 ಇಂಚು ಹಿಡಿದರೂ ನಡುವೆ ಅರ್ಧ ಅಡಿ ಉಳಿಯುತ್ತದೆ, ತುಪ್ಪದ ಗಿಂಡಿಗೆ, ನೀರಿನ ಚೊಂಬಿಗೆ. ಅಂಗಡಿಯ ಮೇಜುಗಳನ್ನು ತಟ್ಟೆ ಇಟ್ಟುಕೊಂಡು ಉಣ್ಣುವವರ ಲೆಕ್ಕದಲ್ಲಿ ಮಾಡಿರುತ್ತಾರೆ, ಎಲೆ ಹಾಕುವವರ ಲೆಕ್ಕದಲ್ಲಲ್ಲ.

ಹಾಗಾಗಿ ಬಡಗಿಯನ್ನೇ ಕರೆಸಿದೆವು. ತೇಗದ ಬೆಲೆ ಕೇಳಿ ಸುಮ್ಮನಾದೆವು. ಹೊನ್ನೆ ಗಟ್ಟಿ ಮರವೇ, ಆದರೆ ನೀರು ತಾಗಿದರೆ ಬಣ್ಣ ಬಿಡುತ್ತದೆ. ದಿನಕ್ಕೆ ಮೂರು ಸಲ ಒದ್ದೆ ಬಟ್ಟೆ ಕಾಣುವ ಮೇಜಿಗೆ ಆಗದು. ಹೊಟ್ಟು ಒತ್ತಿ ಮಾಡಿದ ಹಲಗೆಯ ಮೇಜು ಅಗ್ಗಕ್ಕೆ ಸಿಗುತ್ತದೆ, ಅಂಚಿನಲ್ಲಿ ನೀರಿಳಿಯಿತೋ ಉಬ್ಬಿ ಬಿರಿಯುತ್ತದೆ. ನಮ್ಮ ಮಳೆಗಾಲಕ್ಕೆ ಅದು ಹೇಳಿದ್ದಲ್ಲ. ಕೊನೆಗೆ ಅಟ್ಟದ ಮೇಲೆ ಹತ್ತಾರು ವರ್ಷದಿಂದ ಒಣಗುತ್ತಿದ್ದ ಹಲಸಿನ ಹಲಗೆಗಳು ನೆನಪಾದವು. ಹಸಿ ಮರವಾದರೆ ಬೇಸಿಗೆಯಲ್ಲಿ ಕುಗ್ಗಿ ಬೆಸುಗೆ ಬಾಯಿಬಿಡುತ್ತದೆ. ಒಣಗಿದ ಹಲಗೆಗೆ ಆ ಭಯವಿಲ್ಲ. ಹಲಸು ಕೊಯ್ದಾಗ ಹಳದಿ, ವರ್ಷ ಕಳೆದಂತೆ ಜೇನುತುಪ್ಪದ ಬಣ್ಣಕ್ಕೆ ತಿರುಗುತ್ತದೆ. ಪಾಲಿಶ್ ವಿಷಯದಲ್ಲಿ ಮಾತ್ರ ಜಾಗ್ರತೆ ಬೇಕು. ಸ್ಪಿರಿಟ್ಟಿನಲ್ಲಿ ಅರಗು ಕರಗಿಸಿ ಹಚ್ಚುವ ಹಳೆಯ ಪಾಲಿಶ್ ಮರಕ್ಕೆ ಕಳೆ ಕೊಡುತ್ತದೆ ನಿಜ, ಆದರೆ ಬಿಸಿ ಪಾತ್ರೆ ಇಟ್ಟರೆ ಬಿಳಿ ಉಂಗುರ ಬೀಳುತ್ತದೆ. ನೀರು, ಬಿಸಿ ತಡೆಯುವ ಪಿ.ಯು. ಪಾಲಿಶ್‌ಗೆ ಹೆಚ್ಚು ದುಡ್ಡಾಯಿತು, ಕೊಟ್ಟೆವು. ಆದರೂ ಪಾತ್ರೆಯ ಕೆಳಗೆ ಸಿಂಬಿ ಬೇಕೇ ಬೇಕು.

ಕುರ್ಚಿಗಳನ್ನೆಲ್ಲ ಒಂದೇ ತರ ಮಾಡಿಸಬೇಕೆಂದು ಯಾರು ಹೇಳಿದರು? ಅತ್ತೆಯ ಕುರ್ಚಿಗೆ ತೋಳು ಬೇಕು, ಊರಿಕೊಂಡು ಏಳಲು. ನನ್ನದಕ್ಕೆ ತೋಳು ಬೇಡ, ಒಂದು ಕಾಲು ಮಡಿಸಿ ಕೂರದಿದ್ದರೆ ನನಗೆ ಉಂಡ ಹಾಗೇ ಆಗುವುದಿಲ್ಲ. ಗೋಡೆಯ ಬದಿಗೆ ಕುರ್ಚಿಯ ಬದಲು ಬೆಂಚು. ಬೇಡದಾಗ ಮೇಜಿನಡಿ ತಳ್ಳಬಹುದು. ಮೇಜಿನ ಎತ್ತರ 30 ಇಂಚು, ಕೂರುವ ಹಲಗೆ 18. ಅತ್ತೆ ಕೂತು ನೋಡಿದಾಗ ಅವರ ಪಾದ ನೆಲಕ್ಕೆ ಎಟುಕಲಿಲ್ಲ. ಪಾದದ ಕೆಳಗೆ ಒಂದು ಹಳೆಯ ಮಣೆ ಸರಿಸಹೋದೆ. ಸರಕ್ಕನೆ ಕಾಲು ಹಿಂದಕ್ಕೆಳೆದುಕೊಂಡರು. “ಉಣ್ಣಲು ಕೂತ ಮಣೆ ಅದು, ತುಳಿಯಬಾರದು.” ಬಡಗಿ ಮಾತಾಡದೆ ಉಳಿದ ತುಂಡು ಹಲಗೆಯಲ್ಲಿ 3 ಇಂಚಿನ ಕಾಲುಮಣೆ ಮಾಡಿಕೊಟ್ಟ. ಅದಕ್ಕೆ ಕೂಲಿ ತೆಗೆದುಕೊಳ್ಳಲಿಲ್ಲ.

ಅಲಂಕಾರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ನೇತಾಡುವ ದೀಪ ಚಿತ್ರಗಳಲ್ಲಿ ಚಂದ, ನಮ್ಮಲ್ಲಿ ಕೋಣೆಯ ನಡುವೆ ಫ್ಯಾನು ಇರುತ್ತದಲ್ಲ! ಫ್ಯಾನಿನ ಮೇಲೆ ದೀಪವಿದ್ದರೆ ರೆಕ್ಕೆಯ ನೆರಳು ತಟ್ಟೆಯಲ್ಲಿ ಕುಣಿಯುತ್ತದೆ. ಎರಡು ಗೋಡೆಗೆ ಒಂದೊಂದು ಹಳದಿ ಬೆಳಕಿನ ದೀಪ ಹಾಕಿಸಿದೆ. ಪ್ಲಾಸ್ಟಿಕ್ ಹೂವಿನ ಕುಂಡ, ಜಾಲರಿ ಕಸೂತಿಯ ಪ್ಲಾಸ್ಟಿಕ್ ಹೊದಿಕೆ ಎರಡೂ ನನಗಾಗದು. ಅಷ್ಟು ಕಷ್ಟಪಟ್ಟು ಮರ ಆರಿಸಿ ಅದಕ್ಕೆ ರೈನ್‌ಕೋಟು ತೊಡಿಸುವುದೇಕೆ? ಹಳೆಯ ಇಳಕಲ್ ಸೀರೆಯ ಸೆರಗು ಕತ್ತರಿಸಿ ನಡುವೆ ಉದ್ದಕ್ಕೆ ಹಾಸಿದ್ದೇನೆ. ಊಟದ ಹೊತ್ತಿಗೆ ಅದೂ ಮಡಿಸಿ ಆಚೆ.

ಮುಸುರೆಯ ಪ್ರಶ್ನೆ ಕೊನೆಗೆ ಬಂತು. ಅನ್ನ, ಹುಳಿಯ ಪಾತ್ರೆಗಳು ಉಣ್ಣುವ ಮೇಜಿನ ಮೇಲೆ ಕೂಡದೆಂದು ಅತ್ತೆ. ಕೂಡದೆಂದರೆ ಬಡಿಸಲು ಮತ್ತೆ ನಾನೇ ನಿಲ್ಲಬೇಕು. ಆದ್ದರಿಂದ ಅಡುಗೆಮನೆಯ ಬಾಗಿಲ ಪಕ್ಕ, ಗೋಡೆಗೆ ಸೇರಿಸಿ ಕಡಪ ಕಲ್ಲಿನ ಒಂದು ಕಟ್ಟೆ ಮಾಡಿಸಿದೆವು. ನೀರು ಹಾಕಿ ಒರೆಸಿದರೆ ಶುದ್ಧ. ಬೇಕಾದವರು ಹೋಗಿ ಎಡಗೈಯಲ್ಲಿ ಬಡಿಸಿಕೊಳ್ಳುವುದು. ಆ ಕಟ್ಟೆಗೆ ಹತ್ತಿರವಿರುವುದು ಮೇಜಿನ ತುದಿಯ ಕುರ್ಚಿ. ಮನೆಯ ಯಜಮಾನರು ತುದಿಯಲ್ಲಿ ಕೂರುವುದೇ ಲಕ್ಷಣವೆಂದು ನಮ್ಮವರನ್ನು ಅಲ್ಲಿ ಕೂರಿಸಿದೆ. ಹೆಮ್ಮೆಯಿಂದಲೇ ಕೂತರು. ಎದ್ದು ಬಡಿಸುವ ಕೆಲಸ ಆ ಕುರ್ಚಿಗೇ ಅಂಟಿಕೊಂಡಿದೆ ಎಂದು ತಿಳಿಯಲು ಅವರಿಗೆ ಒಂದು ವಾರ ಹಿಡಿಯಿತು.

ಮಗ ಹುಟ್ಟಿ 60 ವರ್ಷವಾಯಿತು, ಅವನ ಜೊತೆಗೆ ಕೂತು ಉಂಡಿದ್ದು ನೆನಪಿಲ್ಲ ಎಂದರು ಅತ್ತೆ ಮೊದಲ ದಿನ. ಗಂಡಸರದಾದ ಮೇಲೆ ಉಂಡೇ ಅವರಿಗೆ ರೂಢಿ. ಸಾರಿಗೆ ಉಪ್ಪು ಕಮ್ಮಿಯೆಂದು ಅವರಿಗೂ ನನಗೂ ಗೊತ್ತಾಗುತ್ತಿದ್ದದ್ದು ಎಲ್ಲ ಮುಗಿದ ಮೇಲೆಯೇ. ಈಗ ರಾತ್ರಿ ಮೂವರೂ ಒಟ್ಟಿಗೆ ಕೂರುತ್ತೇವೆ. ಮಜ್ಜಿಗೆಯ ಹೊತ್ತಿಗೆ ಅತ್ತೆ ಇನ್ನೊಂದು ತುತ್ತು ಅನ್ನ ಕೇಳುತ್ತಾರೆ, ಬಾಗಿಲ ಪಕ್ಕದ ಕುರ್ಚಿಯವರು ಎದ್ದು ತಂದು ಬಡಿಸುತ್ತಾರೆ.