ಮೂರು ಪ್ರಶ್ನೆ ಕೇಳಿದ ವಕೀಲರು

ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ ಎಂಬ ಗಾದೆಯನ್ನು ಅಪ್ಪ ಮೇಲಿಂದ ಮೇಲೆ ಹೇಳುತ್ತಿದ್ದರು. ಹಾಗಾಗಿ ಕರಿಕೋಟು ಕಂಡರೆ ನನಗೆ ಚಿಕ್ಕಂದಿನಿಂದಲೂ ಒಂದು ಬಗೆಯ ಅಂಜಿಕೆ. ವಕೀಲರೆಂದರೆ ಎಲ್ಲರೂ ಒಂದೇ ಎಂದುಕೊಂಡಿದ್ದೆ. ಐವತ್ತು ದಾಟಿದ ಮೇಲೆ, ಕೆಲವೇ ದಿನಗಳ ಅಂತರದಲ್ಲಿ ಇಬ್ಬರು ವಕೀಲರ ಮುಂದೆ ಕುಳಿತಾಗ ನನ್ನ ಎಣಿಕೆ ತಪ್ಪೆಂದು ತಿಳಿಯಿತು.

ನನ್ನ ತವರು ಮುದಗಲ್, ಕೋಟೆಯ ಊರು. ನಮ್ಮ ಕಡೆ ಮುದಗಲ್ಲಿನ ಮೊಹರಂ ಎಂದರೆ ಎಲ್ಲರ ಹಬ್ಬ. ಕೊಟ್ಟ ಹೆಣ್ಣುಮಕ್ಕಳು ಜಾತಿಮತದ ಗೊಡವೆಯಿಲ್ಲದೆ ತವರಿಗೆ ಬರುತ್ತಾರೆ. 2016ರ ಮೊಹರಂಗೆ ನಾನೂ ಸಿಂಧನೂರಿನಿಂದ ಹೋಗಿದ್ದೆ. ಊಟವಾದ ಮೇಲೆ ತಮ್ಮ ಮೆಲ್ಲಗೆ, ‘ಅಕ್ಕಾ, ಒಂದು ಸಹಿ ಮಾಡಿ ಹೋಗವ್ವಾ’ ಅಂದ. ಅದು ಹಕ್ಕು ಬಿಡುಗಡೆ ಪತ್ರ. ನಮ್ಮದು ತಾತನ ಕಾಲದ 8 ಎಕರೆ ಹೊಲ. ಸಜ್ಜೆ, ತೊಗರಿ ಬೆಳೆಯುವ ಮಳೆಯಾಶ್ರಯದ ಭೂಮಿ. ಯಜಮಾನರು ತೀರಿಕೊಂಡು ಎರಡು ವರ್ಷವಾಗಿತ್ತು, ಮಗಳ ಓದು ಇನ್ನೂ ಮುಗಿದಿರಲಿಲ್ಲ. ‘ಯೋಚನೆ ಮಾಡಿ ಹೇಳ್ತೀನಪ್ಪ’ ಅಂದೆ. ತಮ್ಮನ ಮುಖ ಸಣ್ಣದಾಯಿತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮೊದಲು ಹೋದದ್ದು ದೊಡ್ಡ ಹೆಸರಿನ ವಕೀಲರೊಬ್ಬರ ಬಳಿ. ಗೋಡೆಯ ತುಂಬ ಕೆಂಪು ರಟ್ಟಿನ ಪುಸ್ತಕ, ಹೊರಗೆ ಬೆಂಚಿನ ತುಂಬ ಜನ. ಜಾಮೀನಿನ ಕೇಸುಗಳಲ್ಲಿ ಅವರದು ಎತ್ತಿದ ಕೈ ಎಂದು ಎಲ್ಲರೂ ಹೇಳುತ್ತಿದ್ದರು. ಅದು ಸುಳ್ಳೂ ಇರಲಿಕ್ಕಿಲ್ಲ. ನನ್ನ ಮಾತು ಅರ್ಧಕ್ಕೆ ಬರುವಷ್ಟರಲ್ಲೇ, ‘ಅರ್ಧ ನಿಮ್ದೇ ಐತ್ರಿ, ಗೆದ್ದೇ ಗೆಲ್ತೀವಿ’ ಎಂದು ವಕಾಲತ್ತುನಾಮೆ ಮುಂದೆ ಸರಿಸಿದರು. ‘ಫೀಜಿನ ಚಿಂತಿ ಬಿಡ್ರಿ, ಹೊಲ ಕೈಗೆ ಬಂದ ಮ್ಯಾಲೆ ಅದರೊಳಗ ಒಂದು ಪಾಲು ಕೊಟ್ಟರಾತು’ ಎಂದರು. ನನಗೆ ಸಂತೋಷವೇ ಆಯಿತು. ಆದರೂ ಕೈ ಯಾಕೋ ಸಹಿಗೆ ಏಳಲಿಲ್ಲ. ತಮ್ಮನ ಕಾಗದಕ್ಕೂ ಇದಕ್ಕೂ ಏನು ವ್ಯತ್ಯಾಸ ಅನಿಸಿತು. ಅಲ್ಲೂ ಸಹಿ, ಇಲ್ಲೂ ಸಹಿ, ಎರಡರಲ್ಲೂ ಏನಿದೆಯೆಂದು ನನಗೆ ಗೊತ್ತಿಲ್ಲ.

ಓಣಿಯ ಟೀಚರೊಬ್ಬರು ಇನ್ನೊಬ್ಬ ವಕೀಲರ ವಿಳಾಸ ಕೊಟ್ಟರು. ಹೆಣ್ಣುಮಗಳು. ನಿಜ ಹೇಳಬೇಕೆಂದರೆ, ‘ಈಕಿ ಏನು ವಾದ ಮಾಡ್ಯಾಳು’ ಎಂದು ನಾನೇ ಮೂಗು ಮುರಿದೆ. ನಮ್ಮ ಪಕ್ಕದ ಬಳ್ಳಾರಿಯಲ್ಲಿ ವಕೀಲಿಕೆ ಮಾಡಿದ ಮಂಜುಳಾ ಚೆಲ್ಲೂರ್ ಅವರು 2000ದಲ್ಲೇ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿಯಾಗಿ, ಮುಂದೆ ಕೇರಳ, ಕಲ್ಕತ್ತ, ಮುಂಬಯಿ ಹೈಕೋರ್ಟುಗಳ ಮುಖ್ಯ ನ್ಯಾಯಮೂರ್ತಿಯಾದದ್ದು ನನಗೆ ಆಮೇಲೆ ತಿಳಿಯಿತು. ಹೆಣ್ಣಿನ ಯೋಗ್ಯತೆಯನ್ನು ಅನುಮಾನಿಸುವುದರಲ್ಲಿ ನಾವು ಹೆಂಗಸರೂ ಹಿಂದೆ ಬಿದ್ದಿಲ್ಲ.

ಕಿರಾಣಿ ಅಂಗಡಿಯ ಮೇಲಿನ ಸಣ್ಣ ಖೋಲಿ, ಎರಡು ಕುರ್ಚಿ. ಆಕೆ ನನ್ನ ಕಥೆ ಪೂರ್ತಿ ಕೇಳಿ ಮೂರು ಪ್ರಶ್ನೆ ಹಾಕಿದರು. ‘ಹೊಲ ನಿಮ್ಮ ಅಪ್ಪಾರು ಖರೀದಿ ಮಾಡಿದ್ದೋ, ತಾತನಿಂದ ಬಂದದ್ದೋ? ಅಪ್ಪಾರು ತೀರಿಕೊಂಡದ್ದು ಯಾವಾಗ? 2004ಕ್ಕಿಂತ ಮೊದಲು ರಿಜಿಸ್ಟರ್ ಆದ ಪಾಲುಪತ್ರ ಏನರ ಐತೇನು?’ ತಾತನ ಹೊಲ, ಅಪ್ಪ ತೀರಿದ್ದು 1998ರಲ್ಲಿ, ಅವ್ವ ಅದಕ್ಕೂ ಮೊದಲೇ ಹೋಗಿದ್ದಳು, ಪಾಲಾಗಿಲ್ಲ ಎಂದೆ. ನನ್ನ ಮದುವೆಯ ವರ್ಷವನ್ನೂ ಕೇಳಿ ಬರೆದುಕೊಂಡರು: 1985.

‘ಅಕ್ಕಾರ, ನಿಮಗ ಸಿಹಿ ಮಾತು ಹೇಳಾಕ ಬರಂಗಿಲ್ಲ’ ಎಂದು ಶುರುಮಾಡಿದರು. 1994ರಲ್ಲಿ ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿ ಅದಕ್ಕೂ ಮೊದಲೇ ಮದುವೆಯಾದವರಿಗೆ ಅನ್ವಯಿಸದು. 2005ರ ಕೇಂದ್ರದ ತಿದ್ದುಪಡಿ ಮಗಳಿಗೆ ಮಗನಷ್ಟೇ ಹಕ್ಕು ಕೊಟ್ಟಿತು. ಆದರೆ ಆ ದಿನ ಅಪ್ಪ ಬದುಕಿರಬೇಕು ಎಂದು 2015ರಲ್ಲಿ ಸುಪ್ರೀಂ ಕೋರ್ಟು ಹೇಳಿತ್ತು. ಆದ್ದರಿಂದ 8 ಎಕರೆಯಲ್ಲಿ ಅಪ್ಪನ ಪಾಲು 4, ಅದರಲ್ಲಿ ನನಗೆ ಅರ್ಧ, ಅಂದರೆ 2 ಎಕರೆ. ‘ಇವತ್ತಿನ ಕಾನೂನಿನಾಗ ಇಷ್ಟ. ಇದಕ್ಕಿಂತ ಹೆಚ್ಚು ಕೊಡಸ್ತೀನಿ ಅಂತ ನಾ ಹೇಳಂಗಿಲ್ಲ.’

ಗೆದ್ದ ಆಸ್ತಿಯಲ್ಲಿ ವಕೀಲರು ಪಾಲು ಕೇಳುವುದನ್ನು ಬಾರ್ ಕೌನ್ಸಿಲ್ಲಿನ ನಿಯಮವೇ ಒಪ್ಪುವುದಿಲ್ಲ ಎಂದೂ ಅವರೇ ತಿಳಿಸಿದರು. ಫೀಜು ಭಾರವಾದರೆ ತಾಲೂಕಿನ ಕಾನೂನು ಸೇವಾ ಸಮಿತಿಗೆ ಹೋಗಿರಿ, ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಪುಕ್ಕಟೆ ವಕೀಲರು ಸಿಗುತ್ತಾರೆ ಎಂದರು. ತನಗೆ ಬರುವ ಗಿರಾಕಿಗೆ ಬೇರೆ ದಾರಿ ತೋರಿಸುವ ವ್ಯಾಪಾರಿಯನ್ನು ನಾನು ಅದುವರೆಗೆ ನೋಡಿರಲಿಲ್ಲ. 4 ಎಕರೆಯ ಭರವಸೆ ಬಿಟ್ಟು 2 ಎಕರೆಯ ಸತ್ಯ ಹಿಡಿದು ಮೆಟ್ಟಿಲಿಳಿದೆ. ವಕಾಲತ್ತು ಅವರಿಗೇ ಕೊಟ್ಟೆ.

ದಾವೆ ಹೂಡಿದ್ದು 2017ರಲ್ಲಿ. ಪೇಶಿ ಮೇಲೆ ಪೇಶಿ. ತಮ್ಮ ಮಾತು ಬಿಟ್ಟ. ಮೂರು ಮೊಹರಂ ನಾನು ಮುದಗಲ್ಲಿಗೆ ಹೋಗಲಿಲ್ಲ. ತವರಿಲ್ಲದ ಹಬ್ಬ ಹೇಗಿರುತ್ತದೆಂದು ಹೆಣ್ಣಾದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 2020ರ ಆಗಸ್ಟಿನಲ್ಲಿ ಒಂದು ದಿನ ವಕೀಲರೇ ಫೋನು ಮಾಡಿದರು. ಅಪ್ಪ ಯಾವಾಗ ತೀರಿದ್ದರೂ ಮಗಳಿಗೆ ಹುಟ್ಟಿನಿಂದಲೇ ಹಕ್ಕುಂಟು ಎಂದು ಸುಪ್ರೀಂ ಕೋರ್ಟು ಆಗಸ್ಟ್ 11ರಂದು ತೀರ್ಪು ಕೊಟ್ಟಿತ್ತು. ‘ಈಗ 4 ಎಕರೆ ನಿಮ್ದು ಅಕ್ಕಾರ. ಈಗ ಹೇಳಬಹುದು ನೋಡ್ರಿ’ ಎಂದು ನಕ್ಕರು.

ನಾನು ನಗಲಿಲ್ಲ. ‘ತಮ್ಮನ್ನ ಕರೆಸಿ ರಾಜಿ ಮಾಡಿಸ್ತೀರೇನ್ರಿ?’ ಎಂದೆ. ಮರುವರ್ಷ ಲೋಕ ಅದಾಲತ್ತಿನಲ್ಲಿ ಕುಳಿತೆವು. ಬಾವಿಯಿದ್ದ ಒಂದು ಎಕರೆಯನ್ನು ನಾನಾಗಿಯೇ ತಮ್ಮನಿಗೆ ಬಿಟ್ಟು 3 ಎಕರೆ ಪಡೆದೆ. ಸಹಿಗೆ ಮುಂಚೆ ವಕೀಲರು ಪೂರ್ತಿ ಕಾಗದ ಓದಿ ಹೇಳಿದರು. ‘ಇದರ ಮ್ಯಾಲೆ ಅಪೀಲಿಲ್ಲ. 4 ನಿಮ್ಮ ಹಕ್ಕು, ಒಂದು ಬಿಡೋದು ನಿಮ್ಮ ಮನಸ್ಸು. ತಿಳದು ಬಿಡಾಕತ್ತೀರಿ ಹೌದಿಲ್ಲೋ?’ ಹೌದೆಂದೆ. ಈ ಬಾರಿ ಕೈ ನಡುಗಲಿಲ್ಲ.

ವಕೀಲರು ಬೋರ್ಡಿನ ಮೇಲೆ ಹೆಸರು, ಪದವಿ ಬರೆಸಬಹುದೇ ಹೊರತು ಜಾಹೀರಾತು ಕೊಡುವಂತಿಲ್ಲವಂತೆ. ಹಾಗಾದರೆ ಒಳ್ಳೆಯವರನ್ನು ಗುರುತಿಸುವುದು ಹೇಗೆ ಎಂದು ಗೆಳತಿಯರು ಕೇಳುತ್ತಾರೆ. ನಾನು ಹೇಳುವುದಿಷ್ಟೇ: ಎಷ್ಟು ಪ್ರಶ್ನೆ ಕೇಳುತ್ತಾರೆ ನೋಡಿ, ನಿಮಗೆ ಏನು ಸಿಗುವುದಿಲ್ಲ ಎಂಬುದನ್ನು ಹೇಳುತ್ತಾರೋ ಕೇಳಿ.

ಅದರ ಮರುವರ್ಷದ ಮೊಹರಂಗೆ ಮುದಗಲ್ಲಿಗೆ ಹೋದೆ. ತಮ್ಮ ಹೆಚ್ಚು ಮಾತಾಡಲಿಲ್ಲ. ಹೊರಡುವಾಗ ಮಾತ್ರ ಒಂದು ಚೀಲ ತೊಗರಿ ತಂದು ಬಸ್ಸಿನಲ್ಲಿಟ್ಟ. ‘ನಿನ್ನ ಹೊಲದ್ದ, ಅಕ್ಕಾ’ ಅಂದ.